ನಾಲ್ಕು ಬೆರಳಿನಷ್ಟು ಊದಿನಕಡ್ಡಿ

ಒಸಾಕಾದಲ್ಲಿರುವ ಗೆಳತಿ ಫುಸಾಯೆಗೆ, ನಿನ್ನ ಗದ್ದೆಯ ಪಕ್ಕದ ಕಿನುಯೊ ಬರೆಯುವುದು.

ಅರ್ಧಕ್ಕೇ ಶಾಲೆ ಬಿಟ್ಟವಳ ಕಾಗದ, ತಪ್ಪಿದ್ದರೆ ತಿದ್ದಿಕೊಂಡು ಓದು. ಕಾಲುವೆಗೆ ಬಿಡುವ ನೀರನ್ನು ನಿನ್ನೆಯಿಂದ ಕಾಲುಭಾಗಕ್ಕೆ ಇಳಿಸಿದ್ದಾರೆ. ಕಾಲುವೆಗೆ ನೀರು ಕೊಡುವ, ಬೆಟ್ಟದಾಚೆ ತೋಸಾದ ಅಣೆಕಟ್ಟು ಬತ್ತಿ, ಅದನ್ನು ಕಟ್ಟುವಾಗ ಮುಳುಗಿದ ಊರಿನ ಕಟ್ಟಡವೊಂದು ಮೇಲೆದ್ದಿದೆ. ಟಿವಿಯಲ್ಲಿ ಅದನ್ನು ನೋಡಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಇವತ್ತು ನಸುಕಿಗೇ ಊರಿನ ಮುಖಂಡ ಕುನಿಮಿತ್ಸು ಗುಡಿಯ ಅಟ್ಟದಿಂದ ನಮ್ಮಪ್ಪನ ಕಾಲದ ಊದಿನಕಡ್ಡಿ ಪೆಟ್ಟಿಗೆ ಇಳಿಸಿ ತಂದ. "ಕಿನುಯೊ ಅಕ್ಕಾ, ನಾಳೆ ಬೆಳಿಗ್ಗೆಯಿಂದ ಕೆರೆ ನೀರಿನ ಪಾಳಿ. ಕಡ್ಡಿ ಕಾಯೋದು ಬಲ್ಲವರು ನೀವೊಬ್ರೇ ಉಳಿದಿರೋದು" ಅಂದ. "ಗಡಿಯಾರ ಇಲ್ವೇನಪ್ಪಾ?" ಅಂದೆ. "ಗಡಿಯಾರ ಇಟ್ರೆ ಜಗಳ ಆಡ್ತಾರೆ. ಕಡ್ಡಿ ಜೊತೆ ಯಾರು ಜಗಳಕ್ಕೆ ಹೋಗ್ತಾರೆ?" ಅಂತ ನಕ್ಕ.

ಕಾಲುವೆ ಬರುವುದಕ್ಕೆ ಹಿಂದಿನ ಬೇಸಿಗೆ ನಿನಗೆ ನೆನಪಿರಬೇಕು. ಬೆಟ್ಟ ಕೊರೆದು ಸುರಂಗ ಮಾಡುತ್ತಿದ್ದರು. ಮುಂದಿನ ವರ್ಷ ನೀರು ಬರುತ್ತೆ ಎಂದು ಊರೆಲ್ಲ ಹಲ್ಲು ಕಚ್ಚಿಕೊಂಡಿತ್ತು. ಅಪ್ಪನಿಗೆ ಜ್ವರ ಬಂದು ಕಡ್ಡಿ ಕಾಯಲು ನಾನು ಕೂತೆ. ಗದ್ದೆ ಎಷ್ಟು ದೊಡ್ಡದೋ ಕಡ್ಡಿ ಅಷ್ಟುದ್ದ. ಅದು ಉರಿದು ಮುಗಿದರೆ ಡೋಲು ಹೊಡೆಯಬೇಕು, ನೀರು ಮುಂದಿನವರ ಗದ್ದೆಗೆ ತಿರುಗಬೇಕು. ನಿನ್ನ ಪಾಳಿ ಆದಮೇಲೆ ನಮ್ಮದು.

ಮುಚ್ಚಿದ ಪೆಟ್ಟಿಗೆಯೊಳಗೆ ಉರಿಯುವ ಕಡ್ಡಿ ಆರಿಹೋಯಿತೇನೋ ಎಂದು ನನಗೆ ಒಂದೇ ದಿಗಿಲು. ಮುಚ್ಚಳ ತೆಗೆದು ನೋಡಿದೆ, ಮುಚ್ಚಿದೆ, ಮತ್ತೆ ತೆಗೆದೆ. ತೆಗೆದಾಗಲೆಲ್ಲ ಗಾಳಿ ನುಗ್ಗಿ ಕಡ್ಡಿ ಬೇಗ ಬೇಗ ಉರಿಯಿತು. ನಾನು ಡೋಲು ಹೊಡೆದಾಗ ನಿನ್ನ ಕೆಳಗಿನ ಗದ್ದೆಗೆ ನೀರು ಮುಟ್ಟೇ ಇರಲಿಲ್ಲ.

ನಿನ್ನ ಅತ್ತೆ, "ಇಷ್ಟು ಬೇಗನಾ? ಮುಂದಿನ ಪಾಳಿ ಯಾರದ್ದು ಅಂತ ನೋಡಿದ್ರೆ ಗೊತ್ತಾಗುತ್ತೆ ಬಿಡು" ಅಂದರು. ನೀನು, "ಅತ್ತೆ, ಅವಳು ತನ್ನ ನೆರಳಿಗೇ ಹೆದರೋಳು. ಅವಳ ಕೈಲಿ ಮೋಸ ಮಾಡೋಕಾಗುತ್ತಾ?" ಅಂದೆ. ಎಲ್ಲರೂ ನಕ್ಕರು. ಮುಚ್ಚಳದ ಮಾತೆತ್ತದೆ ನಾನೂ ನಕ್ಕುಬಿಟ್ಟೆ.

ನಿನ್ನ ಪೈರು ಜೊಳ್ಳಾಯಿತು, ನಮ್ಮದು ಕಟ್ಟಿತು. ನಿನ್ನ ಗಂಡ ಒಸಾಕಾ ಬಂದರಿನ ಕೂಲಿಗೆ ಹೊರಟರು, ಜೊತೆಗೆ ನೀನೂ ಹೋದೆ. ಮರುವರ್ಷ ಕಾಲುವೆಯಲ್ಲಿ ನೀರು ಬಂತು. ಮನೆಮನೆಯಲ್ಲೂ ಉದೋನ್ ಶ್ಯಾವಿಗೆ ಬೇಯಿಸಿ ಹಂಚಿದರು. ನಿನ್ನ ಮನೆ ಬಾಗಿಲು ಮುಚ್ಚಿತ್ತು.

ಈ ಬೆಳಿಗ್ಗೆ ಎರಡು ಸಮನಾದ ಕಡ್ಡಿ ಹಚ್ಚಿದೆ. ಒಂದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಇನ್ನೊಂದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅಂದಿನ ಹಾಗೇ ತೆಗೆತೆಗೆದು ನೋಡಿದೆ. ಡಬ್ಬಿಯದು ಮುಗಿದಾಗ ಪೆಟ್ಟಿಗೆಯದು ಇನ್ನೂ ನಾಲ್ಕು ಬೆರಳು ಉಳಿದಿತ್ತು. ಇಪ್ಪತ್ತು ವರ್ಷ ಅಳೆದು ನೋಡಲು ಧೈರ್ಯ ಬರಲಿಲ್ಲ ನನಗೆ.

ನಾಳೆ ಎಲ್ಲರೆದುರು ನಮ್ಮ ಕಡ್ಡಿಯಲ್ಲಿ ನಾಲ್ಕು ಬೆರಳು ಮುರಿದು, ನಿನ್ನ ಗದ್ದೆ ಮಾಡುತ್ತಿರುವ ಮೈದುನ ತಾತ್ಸುಮಿಯ ಪಾಲಿಗೆ ಸೇರಿಸುತ್ತೇನೆ. ಯಾಕೆಂದು ಕೇಳೇ ಕೇಳುತ್ತಾರೆ, ಹೇಳುತ್ತೇನೆ. ಪೆಟ್ಟಿಗೆಯನ್ನು ಕೈಯಿಂದ ಕಿತ್ತುಕೊಂಡಾರು. ನಮ್ಮ ಮೇಲಿನ ಗದ್ದೆ ಒಣಗೀತು, ಮಗಳು ಮಾತು ಬಿಟ್ಟಾಳು. ಅವರಿಗೆ ಹೇಳುವ ಮೊದಲು ನಿನಗೆ ಬರೆಯಬೇಕಿತ್ತು.

ನಿನ್ನ ಮನೆಯ ನಲ್ಲಿಯಲ್ಲಿ ನೀರು ಎಂದೂ ನಿಲ್ಲದಿರಲಿ. ಬರೆದದ್ದು ಸರಿಯಾಯಿತೋ ಇಲ್ಲವೋ ಎಂದು ಈಗಲೇ ದಿಗಿಲು. ಲಕೋಟೆ ಅಂಟಿಸುತ್ತಿದ್ದೇನೆ ಫುಸಾಯೆ, ಈ ಸಲ ತೆಗೆದು ನೋಡುವುದಿಲ್ಲ.

ನೀನು ನಂಬಿದ್ದ
ಕಿನುಯೊ