ಎದುರುಮನೆಗೆ ಹೋಗುವ ಒಪ್ಪಿಗೆ ಚೀಟಿ

ಮನೆ, ನಡುಕೋಣೆ
ಮಾರ್ಚ್ ೧೨, ಬುಧವಾರ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಊರಿಗೆಲ್ಲ ಮಾತ್ರೆ ಕೊಡುವ ನರ್ಸಮ್ಮ ತಾನು ಮಾತ್ರ ನುಂಗುವುದಿಲ್ಲ ಎಂದು ನಿನ್ನ ಅಮ್ಮ ಗೊಣಗುತ್ತಿದ್ದಾಳೆ. ತರಬೇತಿ ಮುಗಿಯಲು ಇನ್ನು ಐದು ವಾರ ತಾನೇ; ಹೊತ್ತುಹೊತ್ತಿಗೆ ಊಟ ಮಾಡು. ನಾವು ಕ್ಷೇಮ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಈಗಲೂ ಮುನಿಸಿಕೊಳ್ಳುತ್ತದೆ.

ಈಗ ನಿನ್ನ ಮಗಳ, ಅಂದರೆ ನಮ್ಮ ವಕೀಲಮ್ಮನ ವಿಷಯ. ಅವಳ ಶಾಲೆಯಲ್ಲಿ ಮಾನವ ಹಕ್ಕುಗಳ ಪಾಠ ನಡೆಯುತ್ತಿದೆ. ಇನ್ನೊಬ್ಬರ ನಂಬಿಕೆಯ ಹಕ್ಕನ್ನು ಗೌರವಿಸಬೇಕಾದರೆ ಮೊದಲು ಅವರನ್ನೇ ಕೇಳಿ ತಿಳಿಯಬೇಕು ಎನ್ನುತ್ತಾರೆ ಅವರ ಟೀಚರ್. ಅದಕ್ಕಾಗಿ ಪ್ರತಿ ಮಗುವೂ ಬೇರೆ ಧರ್ಮದವರ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆದು ಬರಬೇಕು. ವಕೀಲಮ್ಮನ ಪಾಲಿಗೆ ಬಂದದ್ದು ಎದುರಿನ ದರ್ಜಿಯ ಮನೆ. ಹಿರಿಯರ ಸಹಿ ಇರುವ ಒಪ್ಪಿಗೆ ಚೀಟಿ ನಾಳೆಯೊಳಗೆ ಶಾಲೆ ತಲುಪಬೇಕು. ಇಲ್ಲದಿದ್ದರೆ ಆ ದಿನ ಅವಳೊಬ್ಬಳೇ ಲೈಬ್ರರಿಯಲ್ಲಿ ಕೂರಬೇಕು. ಚೀಟಿ ಹತ್ತು ದಿನದಿಂದ ನನ್ನ ಜೇಬಿನಲ್ಲಿದೆ. ಅವಳು ಕೇಳಿದಾಗಲೆಲ್ಲ ಕನ್ನಡಕ ಸಿಗುತ್ತಿಲ್ಲ ಎಂದೆ. “ಪೇಪರ್ ಓದೋವಾಗ ಮಾತ್ರ ಹೇಗೆ ಸಿಗುತ್ತೆ ತಾತಾ ಅದು?” ಎಂದು ಮೊನ್ನೆ ನನ್ನ ಬಾಯಿ ಮುಚ್ಚಿಸಿದಳು.

ನಿನ್ನೆ ಶಾಲೆಯವರು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲು ನನ್ನನ್ನೂ ದರ್ಜಿಯನ್ನೂ ಕರೆದಿದ್ದರು. ಮಕ್ಕಳ ಬೆಂಚಿನ ಮೇಲೆ ಇಬ್ಬರೂ ಇಕ್ಕಟ್ಟಿನಲ್ಲಿ ಕೂತೆವು. ನಿಯಮ ಒಂದೇ: ನಾವು ಮಾಡುವುದನ್ನು, ನಮಗೆ ಅನಿಸಿದ್ದನ್ನು ಹೇಳಬೇಕು, ‘ನಮ್ಮವರು’, ‘ನಿಮ್ಮವರು’ ಎಂದರೆ ಗಂಟೆ ಬಾರಿಸುತ್ತಾರೆ. ಗಂಟೆ ಯಾರ ಕೈಯಲ್ಲಿತ್ತು ಎಂದು ಬೇರೆ ಹೇಳಬೇಕೇ? ಹದಿನೈದು ನಿಮಿಷದಲ್ಲಿ ನನಗೆ ಆರು ಸಲ ಬಾರಿಸಿದಳು, ದರ್ಜಿಗೆ ನಾಲ್ಕು. ಪ್ರಾರ್ಥನೆ ಮಾಡುವಾಗ ಮನಸ್ಸು ಎಲ್ಲಿರುತ್ತದೆ ಎಂದು ಒಂದು ಮಗು ಕೇಳಿತು. “ನಿಜ ಹೇಳ್ಲಾ? ಕಣ್ಣು ಮುಚ್ಚಿದ್ರೆ ಅರ್ಧ ಹೊಲಿದ ಕಾಲರ್ ಕಾಣುತ್ತೆ,” ಎಂದ ದರ್ಜಿ. ಡಿಪೋ ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ನನಗೆ ತಡವಾಗಿ ಹೊರಟ ಬಸ್ಸೇ ಕಾಣುತ್ತದೆ ಎಂದೆ. ಮಕ್ಕಳಿಗಿಂತ ಜೋರಾಗಿ ನಾವಿಬ್ಬರೇ ನಕ್ಕೆವು.

ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಎದುರುಬದುರು ಇದ್ದ ಮೂವತ್ತು ವರ್ಷದಲ್ಲಿ ಒಬ್ಬರ ಮನೆಗೊಬ್ಬರು ಎಷ್ಟು ಸಲ ಹೋಗಿದ್ದೀರಿ ಎಂದಳು. ಒಮ್ಮೆಯೂ ಇಲ್ಲ ಎಂದೆವು. ಯಾಕೆ ಎಂದಳು. “ನಮ್ಮವರಲ್ಲಿ...” ಎಂದು ಶುರುಮಾಡಿದೆ, ಗಂಟೆ ಬಾರಿಸಿದಳು ನಿನ್ನ ಮಗಳು. ಮತ್ತೆ ಬಾಯಿ ತೆರೆದೆ. ಆ ಒಂದು ಪದ ಬಿಟ್ಟರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ದರ್ಜಿ ತೋಳಿನ ಮೇಲಿದ್ದ ದಾರದ ಎಳೆ ತೆಗೆಯುತ್ತಾ, “ನಾನೂ ಕರೀಲಿಲ್ಲ ಬಿಡಮ್ಮ,” ಎಂದ. ರಸ್ತೆ ಅಗೆದು ಹಾಗೇ ಬಿಟ್ಟವರನ್ನು ಬೈದುಕೊಳ್ಳುತ್ತಾ ಇಬ್ಬರೂ ಜೊತೆಯಲ್ಲೇ ಮನೆಗೆ ಬಂದೆವು.

ಅಮ್ಮ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ್ದಾಳೆ. ನಿನ್ನ ಕೈಯಲ್ಲಿ ಗುಣವಾಗಿ ಹೋದವರ ಹಾರೈಕೆಯೆಲ್ಲ ನಿನಗೆ ತಟ್ಟಲಿ.

ನಿನ್ನ ದಾರಿ ನೋಡುತ್ತಿರುವ,
ಅಪ್ಪ

ಇನ್ನೊಂದು ಮಾತು: ಚೀಟಿಗೆ ಈಗಷ್ಟೇ ಸಹಿ ಹಾಕಿದೆ. ನೀನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ದರ್ಜಿಯ ಮಗಳ ಜೊತೆ ಓದಿಕೊಳ್ಳಲು ಅವರ ಮನೆಗೆ ಹೋಗಲೇ ಎಂದು ಕೇಳಿದ್ದೆ. ನಾನು ಬೇಡ ಎಂದೆ. ಯಾಕಪ್ಪಾ ಎಂದೆ ನೀನು; ನಾನು ಪೇಪರ್ ಎತ್ತಿಕೊಂಡೆ. ನೀನು ಮತ್ತೆಂದೂ ಕೇಳಲಿಲ್ಲ. ದರ್ಜಿಯ ಮಗಳು ಮುಂದಿನ ಭಾನುವಾರ ತವರಿಗೆ ಬರುತ್ತಾಳಂತೆ. ಒಂದು ದಿನ ರಜೆ ಸಿಕ್ಕರೆ ಬಾ ಮಗಳೇ. ನಾನೇ ಕರೆದುಕೊಂಡು ಹೋಗುತ್ತೇನೆ.