ಪಟ್ಟಿಯೊಳಗಿನ ಕೆಂಪು ಚುಕ್ಕೆಗಳು

ಡಿಸೆಂಬರ್ 3, 2023. ಭಾನುವಾರ. ಅಥಣಿ
ಮುಂಜಾನೆ ಮತ್ತೆ ದ್ರಾಕ್ಷಿ ತೋಟ. ಆಳು ಸಿಗುತ್ತಿಲ್ಲ ಅಂತ ಅವ್ವ ರಜೆಗೆ ಬಂದವಳನ್ನೂ ಬಿಡಲಿಲ್ಲ. ಥಿನ್ನಿಂಗ್ ಕೆಲಸ. ಗೊನೆಯಲ್ಲಿ ಒತ್ತೊತ್ತಾಗಿ ನಿಂತ ಸಣ್ಣ ಕಾಳು ಕತ್ತರಿಸಿ ದೊಡ್ಡವಕ್ಕೆ ಜಾಗ ಮಾಡುವುದು. ಶಾಲೆಗೆ ಹೋಗುವಾಗಿನಿಂದ ಮಾಡಿದ್ದೇನೆ, ಕೈ ತಾನೇ ಓಡುತ್ತದೆ.

ಮಧ್ಯಾಹ್ನ ಲ್ಯಾಪ್‌ಟಾಪ್. ನನ್ನ ಪಿಎಚ್‌ಡಿಯ ಗ್ಯಾಲಕ್ಸಿಯ ಚಿತ್ರ — ನಡುವೆ ದಂಡದಂಥ ಉದ್ದನೆಯ ಪಟ್ಟಿ, ಅದರ ಎರಡೂ ತುದಿಯಿಂದ ಸುರುಳಿ ತೋಳು. ಹೊಸ ನಕ್ಷತ್ರ ಹುಟ್ಟುವ ಕಡೆ ಹೈಡ್ರೋಜನ್ ಕೆಂಪಗೆ ಹೊಳೆಯುತ್ತದೆ. ಆ ಚುಕ್ಕೆಗಳಿಗೆ ಪ್ರೋಗ್ರಾಂ ತಾನೇ ವೃತ್ತ ಹಾಕುತ್ತದೆ. ನಿಜವಾದದ್ದು ಇಟ್ಟು ಸುಳ್ಳಿನದು, ಅಂದರೆ ಕ್ಯಾಮೆರಾದ ನಾಯ್ಸ್, ತೆಗೆಯುವುದು ನಮ್ಮ ಪಾಲು. ಲ್ಯಾಬಿನ ಜೋಡಿ ಅಲ್ಫಿಯಾ ನಿಪ್ಪಾಣಿಯ ಮನೆಯಲ್ಲಿ ಕುಳಿತು ಅದೇ ಚಿತ್ರ ಮಾಡುತ್ತಿದ್ದಾಳೆ. ಎರಡನ್ನೂ ಹೋಲಿಸುವವರೆಗೆ ಒಬ್ಬರದು ಇನ್ನೊಬ್ಬರು ನೋಡುವಂತಿಲ್ಲ.

ಡಿಸೆಂಬರ್ 5, ಮಂಗಳವಾರ
ಮುಗಿಯಿತು. ತೋಳು, ನಡುವಿನ ಉಂಗುರ, ಪಟ್ಟಿಯ ತುದಿ — ಎಲ್ಲ ಭರ್ತಿ. ಪಟ್ಟಿ ಮಾತ್ರ ಖಾಲಿ. ಪುಸ್ತಕದಲ್ಲಿ ಇರುವ ಹಾಗೇ: ಪಟ್ಟಿಯೊಳಗೆ ಅನಿಲ ಜೋರಾಗಿ ಹರಿಯುತ್ತದೆ, ನಿಂತು ನಕ್ಷತ್ರವಾಗಲು ಪುರುಸೊತ್ತಿಲ್ಲ. ಗೈಡ್ ಸರ್ ಖುಷಿ. ಕ್ಲೀನ್ ರಿಸಲ್ಟ್ ಅಂದರು.

ಅಲ್ಫಿಯಾ ಪಟ್ಟಿಯೊಳಗೂ ಸಣ್ಣ ಚುಕ್ಕೆ ಉಳಿಸಿದ್ದಾಳಂತೆ. ಸರ್‌ಗೆ ಸಿಟ್ಟು. ಹದಿನೈದಕ್ಕೆ ಅವಳ ಫೆಲೋಶಿಪ್ ಕಮಿಟಿ. ಕೆಲಸ ನಂಬುವಂತಿದೆ ಅಂತ ಸರ್ ಬರೆದರೆ ಮಾತ್ರ ಮುಂದುವರಿಯುತ್ತದೆ. ಅದು ನಿಂತರೆ ಅವಳ ಪಿಎಚ್‌ಡಿಯೂ ನಿಂತ ಹಾಗೆ.

ಸಂಜೆ ಫೋನ್ ಮಾಡಿದಳು. "ನನಗ ಖರೇನ ಕಂಡಾವು, ಸೌಂದರ್ಯಾ. ನಿನಗ ಒಂದೂ ಕಾಣಲಿಲ್ಲೇನ?"

"ನಾಯ್ಸ್ ಇರಬೇಕ. ಮತ್ತೊಮ್ಮೆ ನೋಡ."

ಒರಟಾಗಿಯೇ ಹೇಳಿದೆ. ಅವಳದು ಯಾವಾಗಲೂ ಗಡಿಬಿಡಿ.

ಡಿಸೆಂಬರ್ 12, ಮಂಗಳವಾರ
ವಾರವಿಡೀ ತೋಟ. ಬರೆಯಲು ಆಗಿಲ್ಲ. ಇವತ್ತು ಅವ್ವ ನನ್ನ ಸಾಲಿಗೆ ಬಂದು ಗೊನೆ ಎತ್ತಿ ನೋಡಿದಳು.

"ಕಣ್ಣ ಮುಚಗೊಂಡ ಕತ್ರಿ ಆಡಸ್ತೀಯೇನ? ಈ ಗೊನಿ ಮೊದಲ ವಿರಳ ಐತಿ. ಇದರಾಗಿನ್ನ ಸಣ್ಣವು ಯಾಕ ತಗದಿ?"

"ಸಣ್ಣವು ಕಂಡ್ರ ಕೈ ನಿಂದರೂದಿಲ್ಲ ಬೇ."

ಹೇಳುತ್ತಲೇ ಪಟ್ಟಿಯೊಳಗಿನ ಸಣ್ಣ ಚುಕ್ಕೆಗಳು ನೆನಪಾದವು. ಕತ್ತರಿ ಅವ್ವನ ಕೈಗಿಟ್ಟು ಮನೆಗೆ ಓಡಿದೆ. ನಾನು ತೆಗೆದ ವೃತ್ತಗಳನ್ನೆಲ್ಲ ಮತ್ತೆ ತೆರೆದೆ. ಪಟ್ಟಿಯೊಳಗಿನವು ಸಣ್ಣವು, ಒತ್ತಾಗಿವೆ... ಆದರೆ ಇವೆ. ಬೇರೆ ರಾತ್ರಿ ತೆಗೆದ ಚಿತ್ರದಲ್ಲೂ ಅದೇ ಜಾಗದಲ್ಲಿವೆ. ನಾಯ್ಸ್ ಹಾಗೆ ಎರಡು ಸಲ ಅಲ್ಲೇ ಬಂದು ಕೂರುವುದಿಲ್ಲ. ಗ್ಯಾಲಕ್ಸಿಯನ್ನೂ ಥಿನ್ನಿಂಗ್ ಮಾಡಿಟ್ಟಿದ್ದೇನೆ. ನಾಚಿಕೆಯಾಯಿತು.

ಅಲ್ಫಿಯಾಗೆ ಫೋನ್ ಮಾಡಿ ಹೇಳಿದೆ, "ನಿಂದ ಖರೆ. ತಪ್ಪ ನಂದು."

ಅವಳೆಂದಳು, "ನಾ ಅವನ್ನೆಲ್ಲ ಅಳಿಸಿಬಿಟ್ನಲ್ಲ. ನಿನ್ನ ಕಣ್ಣ ಪಕ್ಕಾ ಅಂತ. ತಪ್ಪಾಗೇತ್ರಿ ಸರ್ ಅಂತ ಮೇಲ್‌ನೂ ಹಾಕೀನಿ."

ಡಿಸೆಂಬರ್ 13
ಸರ್‌ಗೆ ಎಲ್ಲ ಹೇಳಿದೆ. "ಆಕೀನ ತಪ್ಪ ಒಪ್ಪಕೊಂಡಾಳಲ್ಲ, ಇನ್ನೇನ?" ಅಂದರು. ಎರಡೂ ರಾತ್ರಿಯ ಚಿತ್ರ ಕಳಿಸಿದೆ. ತೆರೆದು ನೋಡಿದರು. ಕೊನೆಗೆ, "ಅಲ್ಫಿಯಾ ಹೊಸದಾಗಿ ಮಾಡ್ಲಿ. ಯಾರನ್ನೂ ಕೇಳಬಾರದು. ನಾಳೆ ಸಂಜಿ ಒಳಗ ಕಳಸ್ರಿ. ಅದನ್ನ ನೋಡಿ ಕಮಿಟಿಗೆ ಬರಿತೇನಿ."

ಡಿಸೆಂಬರ್ 14, ಮಧ್ಯಾಹ್ನ
ಅಲ್ಫಿಯಾ ಬಸ್ ಹತ್ತಿ ಇಲ್ಲಿಗೇ ಬಂದಳು. ಒಬ್ಬಳೇ ಕೂರಲು ಧೈರ್ಯ ಆಗವಲ್ದಂತೆ. ಅವ್ವ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಅಲ್ಫಿಯಾ ಅರ್ಧ ಬಿಟ್ಟಳು. ನಾನು ಬಾಗಿಲ ಬಳಿ ಅವಳಿಗೆ ಬೆನ್ನು ಹಾಕಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ತೋಳು, ಉಂಗುರ ಸರಸರ ಮುಗಿಸಿದಳು. ಈಗ ಪಟ್ಟಿ. ಮೌಸಿನ ಸದ್ದು ನಿಂತು ಬಹಳ ಹೊತ್ತಾಯಿತು.

"ಇಲ್ಲೊಂದ ಐತಿ... ಹೌದಲ್ಲೇನ?"

"ನನ್ನ ಕೇಳಬ್ಯಾಡ."

"ಬರೇ ಹೂಂ ಅನ್ನ. ಸಾಕ."

ಮೊದಲ ಸಲ ಯಾರನ್ನೂ ಕೇಳದೆ ಉಳಿಸಿದವಳು ಇವಳೇ. ಅಳು ಬರುತ್ತಿದೆ ನನಗೆ.

"ತಗದ ಬಿಡ್ಲೇನ ಹಂಗಾರ?"

ತಿರುಗಬಾರದು. ತಿರುಗಿದರೆ ನನ್ನ ಮುಖವೇ ಹೇಳಿಬಿ—