ಮೈಕಿನಲ್ಲಿ ಆಡಿದ ಜಗಳ

ಗುರುವಾರ, ಮಧ್ಯಾಹ್ನ

ನನ್ನ ಅತ್ತೆಯ ಮಗನಿಗೆ,

ನಿಮ್ಮ ಅಮ್ಮ ಬದುಕಿದ್ದಾರೆ. ಇದನ್ನು ಮೊದಲು ಓದಿಕೊಂಡು, ಒಂದು ಲೋಟ ನೀರು ಕುಡಿದು, ಉಳಿದದ್ದನ್ನು ನಿಧಾನವಾಗಿ ಓದಿ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಮೂರನೇ ಮಾತಿಗೇ ಜಗಳ, ಅದಕ್ಕೇ ಕಾಗದ.

ನೀವು ಬಂದರಿನ ಕೆಲಸಕ್ಕೆಂದು ಮನೆ ಬಿಟ್ಟ ಮೇಲೆ ಅತ್ತೆ ಆ ಗುರುವಿನ ಮಾತು ಕೇಳಲು ಶುರುಮಾಡಿದರು. ಲೋಕ ಮುಗಿಯುವ ದಿನವನ್ನು ಮತ್ತೆ ಮತ್ತೆ ಮುಂದೂಡುತ್ತಿದ್ದವನಿಗೆ ನಾನು ಇಟ್ಟ ಹೆಸರು ಗಡುವಿನ ಗುರು. ಅತ್ತೆ ನಗಲಿಲ್ಲ. ಒಂದು ದಿನ ಗಂಟು ಕಟ್ಟಿಕೊಂಡು, ಅವನ ಜನ ಸೇರಿದ್ದ ಹಳೇ ಬಿಸ್ಕತ್ತು ಕಾರ್ಖಾನೆಗೆ ಹೊರಟೇಹೋದರು.

ಕಳೆದ ವಾರ ಒಳಗಿದ್ದ ಮಕ್ಕಳ ಸ್ಥಿತಿ ವಿಚಾರಿಸಲು ಹೋದ ಪೊಲೀಸರ ಮೇಲೆ ಒಳಗಿನಿಂದ ಗುಂಡು ಹಾರಿತು. ಇಬ್ಬರು ಪೇದೆಗಳು ಗೇಟಿನ ಹತ್ತಿರವೇ ಸತ್ತರು. ಆಮೇಲೆ ಸುತ್ತಲೂ ಬಂದೂಕು, ಒಳಗೆ ಪ್ರಾರ್ಥನೆ. ಮಂಗಳವಾರ ಪೊಲೀಸ್ ಅಧಿಕಾರಿ ಒಳಗಿದ್ದವರ ಸಂಬಂಧಿಕರನ್ನೆಲ್ಲ ಕರೆಸಿ, ಒಬ್ಬೊಬ್ಬರಿಗೂ ಮೈಕು ಕೊಟ್ಟು, ನಿಮ್ಮವರನ್ನು ಕರೆಯಿರಿ ಎಂದರು. ಎಲ್ಲರೂ ಅತ್ತರು, ಕೈಮುಗಿದರು. ಒಂದು ಕಿಟಕಿಯೂ ಅಲುಗಲಿಲ್ಲ.

ನನ್ನ ಸರದಿ ಬಂತು. ದಿನವಿಡೀ ನಿಲ್ದಾಣದಲ್ಲಿ ಬಸ್ಸಿನ ಹೊತ್ತು ಕೂಗುವವಳಿಗೆ ಮೈಕಿನ ಭಯವೇನು? ಬೇಡಿಕೊಳ್ಳಬೇಕೆಂದೇ ಬಾಯಿ ತೆರೆದೆ, ಬಂದದ್ದು ಬೇರೆ.

“ಅತ್ತೇ, ಲೋಕ ಮುಳುಗೋದಾದ್ರೆ ಮುಳುಗ್ಲಿ! ಅದಕ್ಕೂ ಮುಂಚೆ ಹೊರಗೆ ಬಂದು ಹೇಳಿ, ನಿಮ್ಮ ಮಗ ಮನೆ ಬಿಟ್ಟಿದ್ದು ನನ್ನಿಂದನಾ, ನಿಮ್ಮಿಂದನಾ? ಬೀದಿಯವರ ಮುಂದೆಲ್ಲ ನನ್ನ ದೂರಿ, ಈಗ ಉತ್ತರ ಕೊಡದೆ ಸ್ವರ್ಗಕ್ಕೆ ಹೊರಟ್ರಾ?”

ಅಧಿಕಾರಿ ಮೈಕು ಕಿತ್ತುಕೊಳ್ಳಲು ಬಂದರು. ಅಷ್ಟರಲ್ಲಿ ಮೇಲಿನ ಕಿಟಕಿ ದಡಾರನೆ ತೆರೆಯಿತು.

“ಬಾಯ್ಬಡುಕಿ! ಮನೆ ಮಾನಾನ ಮೈಕಲ್ಲಿ ಹರಾಜು ಹಾಕ್ತೀಯಾ? ಇರು, ಬಂದೆ!”

ಬಂದೇಬಿಟ್ಟರು. ಪಕ್ಕದ ಬಾಗಿಲಿನಿಂದ, ಬರಿಗಾಲಲ್ಲಿ, ಕೈ ಬೀಸಿಕೊಂಡು. ತಡೆಯಲೆಂದು ಅವರ ರಟ್ಟೆ ಹಿಡಿದಿದ್ದ ಅಲ್ಲಿನ ಅಡುಗೆಯವಳೂ ಜೊತೆಗೇ ಎಳೆಸಿಕೊಂಡು ಬಂದಳು. ಯಾರೂ ಗುಂಡು ಹಾರಿಸಲಿಲ್ಲ. ಯಾಕೋ ಗೊತ್ತಿಲ್ಲ. ಜಗಳಕ್ಕೆ ಹೊರಟ ಮುದುಕಿಯನ್ನು ತಡೆಯುವ ಧೈರ್ಯ ಬಂದೂಕಿನವರಿಗೂ ಇರಲಿಲ್ಲವೇನೋ. ನನ್ನ ಮುಂದೆ ನಿಂತು ಬೆರಳು ಎತ್ತಿದರು. ಎತ್ತಿದ ಬೆರಳು ಹಾಗೇ ಇಳಿಯಿತು. ನನ್ನ ಹೆಗಲ ಮೇಲೆ ಕುಸಿದರು.

ಅದೇ ಸಂಜೆ ಕಾರ್ಖಾನೆಗೆ ಒಳಗಿನವರೇ ಬೆಂಕಿ ಇಟ್ಟುಕೊಂಡರು. ಹೊರಗೆ ಬಂದವರಿಗಿಂತ ಒಳಗೇ ಉಳಿದು ಸತ್ತವರೇ ಹೆಚ್ಚು. ಅತ್ತೆ ಗೋಡೆಗೆ ಮುಖ ಮಾಡಿ ಕೂತು, ಜೊತೆಗಿದ್ದವರನ್ನೆಲ್ಲ ನೆನೆದು ಅತ್ತರು. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಪಕ್ಕದಲ್ಲಿ ಕೂತೆ, ಅಷ್ಟೇ. ಇವತ್ತು ಎರಡು ತುತ್ತು ಉಂಡು, ಉಪ್ಪು ಜಾಸ್ತಿ ಎಂದರು. ಈಗ ಒಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ಆ ಗೊರಕೆಯನ್ನು ಒಂದು ಕಾಲದಲ್ಲಿ ಎಷ್ಟು ಶಪಿಸಿದ್ದೆ! ಈಗ ಅದು ನಿಂತರೆ ಎದ್ದು ಹೋಗಿ ನೋಡಿ ಬರುತ್ತೇನೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ,
ನಿಮ್ಮ ತಾಯಿಯ ಬಾಯ್ಬಡುಕಿ ಸೊಸೆ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಮೈಕಿನಲ್ಲಿ ಕೊನೆಗೆ, “ನಿಮ್ಮ ಮಗ ವಾಪಸ್ ಬಂದಿದಾರೆ, ಮನೇಲಿ ಕಾಯ್ತಿದಾರೆ” ಎಂದೂ ಕೂಗಿದ್ದೆ. ಕಿಟಕಿ ತೆರೆದದ್ದು ಆ ಸುಳ್ಳಿಗೇ ಎಂದುಕೊಂಡು ಇವತ್ತು ಬೆಳಿಗ್ಗೆ ಹೆದರುತ್ತಲೇ ಅತ್ತೆಗೆ ನಿಜ ಹೇಳಿದೆ. “ಗೊತ್ತಿತ್ತು ಬಿಡೇ” ಎಂದರು. “ಅವನು ಬಂದಿದ್ರೆ ಅವನೇ ಕೂಗ್ತಿದ್ದ. ನನಗೋಸ್ಕರ ಊರ ಮುಂದೆ ಸುಳ್ಳು ಹೇಳೋಷ್ಟು ನಾನು ನಿನಗೆ ಬೇಕಲ್ಲ, ಅದಕ್ಕೇ ಬಂದೆ.” ಹಾಗಾಗಿ ನೀವು ಬರದಿದ್ದರೂ ಇಲ್ಲಿ ನಡೆಯುತ್ತದೆ. ಬಂದರೆ, ಇಬ್ಬರಿಗೂ ಬೇಡ ಅನ್ನಿಸುವುದಿಲ್ಲ.